ಗಾಮಾ ಕಿರಣ ಎಣಿಸಲು ಕಾಮರ್ಸ್‌ನವರು ಬೇಡವೇ?

ನಮ್ಮ ಕಾಲೇಜಿನ ವಿಜ್ಞಾನ ಸಂಘದಿಂದ ಯಾವ ನೋಟಿಸ್ ಬಂದರೂ ಕೊನೆಯಲ್ಲಿ ಒಂದು ಸಾಲು ಇರುತ್ತದೆ: 'ವಿಜ್ಞಾನ ವಿಭಾಗದ ವಿದ್ಯಾರ್ಥಿಗಳಿಗೆ ಮಾತ್ರ.' ತಾರಾಲಯಕ್ಕೆ ಪ್ರವಾಸವಿದ್ದರೂ, ಉಪನ್ಯಾಸವಿದ್ದರೂ, ರಸಪ್ರಶ್ನೆ ಇದ್ದರೂ ಅದೇ ಸಾಲು. ಈ ಸಾಲನ್ನು ತೆಗೆಯಬೇಕು ಎಂಬುದು ನನ್ನ ಅಭಿಪ್ರಾಯ. 'ನಮಗೂ ಅವಕಾಶ ಕೊಡಿ' ಎಂದು ಬರೀ ಕೇಳಿದರೆ 'ನಿಮಗೇಕೆ ಬೇಕು ಅದು?' ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಒಂದು ಉದಾಹರಣೆ ಹಿಡಿದು ಉತ್ತರ ಕೊಡುತ್ತೇನೆ. ಆ ಉದಾಹರಣೆ ಗಾಮಾ ಕಿರಣ ಸ್ಫೋಟ.

ಮನೆಯಲ್ಲಿ ಇದನ್ನು ಉರ್ದುವಿನಲ್ಲಿ ಹೇಳಲು ಹೋಗಿ 'ಧಮಾಕಾ' ಎಂದೆ. ನನ್ನ ತಮ್ಮ 'ಯಾವ ಅಂಗಡಿಯಲ್ಲಿ, ಎಷ್ಟು ಪರ್ಸೆಂಟ್ ಆಫ್?' ಎಂದು ಕೇಳಿದ. ಆದ್ದರಿಂದ ಮೊದಲು ಅದೇನೆಂದು ಹೇಳಿಬಿಡುತ್ತೇನೆ. ಬಹಳ ದೊಡ್ಡ ನಕ್ಷತ್ರವೊಂದು ತನ್ನೊಳಗೆ ತಾನೇ ಕುಸಿದಾಗ, ಇಲ್ಲವೇ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ, ಅಲ್ಲಿಂದ ಗಾಮಾ ಕಿರಣಗಳ ಒಂದು ಬುಗ್ಗೆ ಚಿಮ್ಮುತ್ತದೆ. ಅದು ಕೆಲವು ಮಿಲಿಸೆಕೆಂಡಿನಿಂದ ಕೆಲವು ನಿಮಿಷದವರೆಗೆ ಇರಬಹುದು. ಸೂರ್ಯ ತನ್ನ ಇಡೀ ಆಯಸ್ಸಿನಲ್ಲಿ ಕೊಡುವಷ್ಟು ಶಕ್ತಿ ಆ ಕೆಲವೇ ಸೆಕೆಂಡುಗಳಲ್ಲಿ ಹೊರಬರುತ್ತದೆ. ಆದರೆ ಗಾಮಾ ಕಿರಣ ನಮ್ಮ ವಾತಾವರಣವನ್ನು ದಾಟಿ ನೆಲಕ್ಕೆ ಬರುವುದಿಲ್ಲ. ಹೀಗಾಗಿ ಅದನ್ನು ಹಿಡಿಯಬೇಕಾದರೆ ಉಪಕರಣವನ್ನು ಬಾಹ್ಯಾಕಾಶಕ್ಕೇ ಕಳಿಸಬೇಕು.

ಇದು ಸಿಕ್ಕಿದ್ದು ಕೂಡ ಹುಡುಕಿದವರಿಗಲ್ಲ. 1963ರಲ್ಲಿ ಬಾಹ್ಯಾಕಾಶದಲ್ಲಿ ಅಣುಬಾಂಬ್ ಪರೀಕ್ಷಿಸಬಾರದೆಂಬ ಒಪ್ಪಂದವಾಯಿತು. ಯಾರಾದರೂ ಕದ್ದು ಪರೀಕ್ಷಿಸುತ್ತಾರೋ ಎಂದು ಕಾಯಲು ಅಮೆರಿಕ 'ವೇಲಾ' ಎಂಬ ಉಪಗ್ರಹಗಳನ್ನು ಹಾರಿಸಿತು. 1967ರ ಜುಲೈ 2ರಂದು ಅವುಗಳಲ್ಲಿ ಗಾಮಾ ಕಿರಣದ ಒಂದು ಮಿಂಚು ದಾಖಲಾಯಿತು. ಅದು ಬಾಂಬಿನ ಲಕ್ಷಣದಂತೆ ಇರಲಿಲ್ಲ. ಲಾಸ್ ಅಲಮೋಸ್ ಪ್ರಯೋಗಾಲಯದ ರೇ ಕ್ಲೆಬೆಸಾಡೆಲ್ ಮತ್ತು ಜೊತೆಗಾರರು ಅದನ್ನು ಅಳಿಸಿಹಾಕಲಿಲ್ಲ, ಫೈಲಿನಲ್ಲಿ ಇಟ್ಟುಕೊಂಡರು. ಮುಂದೆ ಇನ್ನಷ್ಟು ಉಪಗ್ರಹಗಳು ಹಾರಿದವು. ಬೇರೆ ಬೇರೆ ಉಪಗ್ರಹಗಳಿಗೆ ಸಿಗ್ನಲ್ ತಲುಪಿದ ಸಮಯದ ವ್ಯತ್ಯಾಸವನ್ನು ಲೆಕ್ಕಹಾಕಿ, ಇದು ಭೂಮಿಯಿಂದಲೂ ಬಂದದ್ದಲ್ಲ ಸೂರ್ಯನಿಂದಲೂ ಬಂದದ್ದಲ್ಲ ಎಂದು ಖಚಿತಮಾಡಿಕೊಂಡು, 1973ರಲ್ಲಿ 16 ಸ್ಫೋಟಗಳ ಪಟ್ಟಿ ಪ್ರಕಟಿಸಿದರು. ನಮ್ಮ ಲೆಕ್ಕಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಕಾರಣ ಹುಡುಕುತ್ತೇವೆ, ಹರಿದು ಬಿಸಾಡುವುದಿಲ್ಲ. ಈ ಸಸ್ಪೆನ್ಸ್ ಖಾತೆ ಮಾತ್ರ ಮೂವತ್ತು ವರ್ಷ ತೆರೆದೇ ಇತ್ತು. ಇವು ಎಷ್ಟು ದೂರದವು ಎಂಬುದು ಗೊತ್ತಾಗಿದ್ದು 1997ರಲ್ಲಿ, ಇಟಲಿ ಮತ್ತು ನೆದರ್ಲೆಂಡ್ಸ್ ಸೇರಿ ಕಳಿಸಿದ ಬೆಪ್ಪೋಸ್ಯಾಕ್ಸ್ ಉಪಗ್ರಹದ ನಂತರ. ಸ್ಫೋಟ ಆರಿದ ಮೇಲೆ ಉಳಿಯುವ ಮಂದ ಬೆಳಕನ್ನು ಅದು ತೋರಿಸಿಕೊಟ್ಟಿತು, ನೆಲದ ದೂರದರ್ಶಕಗಳು ಆ ಜಾಗವನ್ನು ನೋಡಿ ದೂರವನ್ನು ಅಳೆದವು.

ಈಗ ನಮ್ಮ ದೇಶದ ವಿಷಯಕ್ಕೆ ಬರೋಣ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಸಂಸ್ಥೆ ಆಸ್ಟ್ರೋಸ್ಯಾಟ್ ಎಂಬ ಉಪಗ್ರಹವನ್ನು ಶ್ರೀಹರಿಕೋಟಾದಿಂದ ಹಾರಿಸಿತು. ಅದರಲ್ಲಿರುವ ಉಪಕರಣಗಳಲ್ಲಿ ಒಂದಕ್ಕೆ ಸಿಝಡ್‌ಟಿಐ ಎಂದು ಹೆಸರು. ಕ್ಯಾಡ್ಮಿಯಂ, ಸತು, ಟೆಲ್ಯೂರಿಯಂ ಸೇರಿದ ಹರಳುಗಳಿಂದ ಮಾಡಿದ ಪತ್ತೆಕಾರಕ ಅದು. ಒಟ್ಟು 64 ಬಿಲ್ಲೆಗಳು, ಒಂದೊಂದರಲ್ಲಿ 256 ಚುಕ್ಕಿಗಳು, ಗುಣಿಸಿದರೆ 16,384. ಪ್ರತಿ ಚುಕ್ಕಿಯೂ ಒಬ್ಬ ಗುಮಾಸ್ತ ಇದ್ದಂತೆ. ಒಂದು ಗಾಮಾ ಕಣ ಬಂದು ಬಡಿದರೆ ಎಷ್ಟು ಹೊತ್ತಿಗೆ ಬಂತು, ಎಷ್ಟು ಶಕ್ತಿ ತಂದಿತು, ಯಾವ ಚುಕ್ಕಿಗೆ ಬಿತ್ತು ಎಂದು ಬರೆದಿಡುತ್ತದೆ. ಈ ಉಪಕರಣವನ್ನು ಮಾಡಿದ್ದು ಒಂದು ನಿರ್ದಿಷ್ಟ ಕಡೆ ತಿರುಗಿಸಿ ನೋಡಲು. ಆದರೆ ಹೆಚ್ಚಿನ ಶಕ್ತಿಯ ಕಿರಣಗಳಿಗೆ ಅದರ ಪಕ್ಕದ ಗೋಡೆಗಳು ತಡೆಯಾಗುವುದಿಲ್ಲ, ಹಾದುಹೋಗುತ್ತವೆ. ಹೀಗಾಗಿ ಬೇರೆ ದಿಕ್ಕಿನಲ್ಲಿ ಆಗುವ ಸ್ಫೋಟವೂ ಅದಕ್ಕೆ ಸಿಗುತ್ತದೆ. ಚಾಲೂ ಮಾಡಿದ ದಿನವೇ, 2015ರ ಅಕ್ಟೋಬರ್ 6ರಂದು, ಒಂದು ಸ್ಫೋಟ ಸಿಕ್ಕಿತು. ಅದರ ಹೆಸರು ಜಿಆರ್‌ಬಿ 151006ಎ. ವರ್ಷ, ತಿಂಗಳು, ದಿನ, ಆಮೇಲೆ ಆ ದಿನದ ಕ್ರಮಾಕ್ಷರ. ನಮ್ಮ ವೋಚರ್ ನಂಬರ್ ಹಾಕುವ ಪದ್ಧತಿಯೇ!

ಈಗ ನನ್ನ ವಾದದ ಮುಖ್ಯ ಭಾಗ. ಒಂದು ಸ್ಫೋಟ 'ಆಯಿತು' ಎಂದು ಹೇಳುವುದು ಹೇಗೆ? ಪತ್ತೆಕಾರಕ ಯಾವಾಗಲೂ ಸುಮ್ಮನಿರುವುದಿಲ್ಲ. ಏನೂ ಆಗದಿದ್ದಾಗಲೂ ಎಲ್ಲೆಲ್ಲಿಂದಲೋ ಕಣಗಳು ಬಂದು ಬಡಿಯುತ್ತಲೇ ಇರುತ್ತವೆ. ಇದಕ್ಕೆ ಹಿನ್ನೆಲೆ ಎಣಿಕೆ ಎನ್ನುತ್ತಾರೆ. ನಮ್ಮ ಅಬ್ಬಾ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ತೂಗಿಸುವಾಗ ಚೀಲದ ತೂಕ ಕಳೆದು ಬರೆಯುತ್ತಾರಲ್ಲ, ಹಾಗೆ ಈ ಹಿನ್ನೆಲೆಯನ್ನು ಕಳೆಯಬೇಕು. ಆದರೆ ಚೀಲದ ತೂಕ ಹೆಚ್ಚುಕಡಿಮೆ ಒಂದೇ ಇರುತ್ತದೆ, ಹಿನ್ನೆಲೆ ಎಣಿಕೆ ಸೆಕೆಂಡಿಗೆ ಸೆಕೆಂಡಿಗೆ ಏರಿಳಿಯುತ್ತದೆ. ಹಾಗಾದರೆ ಎಷ್ಟು ಏರಿದರೆ ಸ್ಫೋಟ, ಎಷ್ಟು ಏರಿದರೆ ಮಾಮೂಲು?

ಇದಕ್ಕೆ ಉತ್ತರ ನಮ್ಮ ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿದೆ. ಪಾಯ್ಸನ್ ವಿತರಣೆ. ಪುಟದಲ್ಲಿ ಎಷ್ಟು ಅಚ್ಚಿನ ತಪ್ಪುಗಳು, ನಿಮಿಷಕ್ಕೆ ಎಷ್ಟು ಫೋನ್ ಕರೆಗಳು ಎಂಬ ಲೆಕ್ಕಗಳನ್ನು ನಾವು ಮಾಡುತ್ತೇವಲ್ಲ, ಅದೇ. ಅದರಲ್ಲಿ ಸರಾಸರಿ ಎಷ್ಟೋ ವೇರಿಯನ್ಸ್ ಕೂಡ ಅಷ್ಟೇ. ಒಂದು ಲೆಕ್ಕ ಮಾಡಿ ನೋಡೋಣ. ಸೆಕೆಂಡಿಗೆ ಸರಾಸರಿ 400 ಎಣಿಕೆ ಬರುತ್ತದೆ ಎಂದಿಟ್ಟುಕೊಳ್ಳಿ. ಆಗ ಸ್ಟ್ಯಾಂಡರ್ಡ್ ಡೀವಿಯೇಶನ್ 400ರ ವರ್ಗಮೂಲ, ಅಂದರೆ 20. ಒಂದು ಸೆಕೆಂಡಿನಲ್ಲಿ 430 ಬಂದರೆ ಗಾಬರಿ ಬೇಡ. 460 ಬಂದರೆ? ಅದು ಸರಾಸರಿಗಿಂತ ಮೂರು ಪಟ್ಟು ಡೀವಿಯೇಶನ್ ಮೇಲೆ. ಪರೀಕ್ಷೆಯಲ್ಲಿ ನಾವು ಅಷ್ಟಕ್ಕೇ 'ಆಕಸ್ಮಿಕವಲ್ಲ' ಎಂದು ಬರೆದುಬಿಡುತ್ತೇವೆ. ಆದರೆ ದಿನಕ್ಕೆ 86,400 ಸೆಕೆಂಡುಗಳಿವೆ. ಆಕಸ್ಮಿಕವಾಗಿಯೇ 460 ಅಥವಾ ಅದಕ್ಕಿಂತ ಹೆಚ್ಚು ಬರುವುದು ದಿನಕ್ಕೆ ನೂರಕ್ಕೂ ಹೆಚ್ಚು ಸಲ ಆಗುತ್ತದೆ! ಪ್ರತಿಸಲ 'ಸ್ಫೋಟ, ಸ್ಫೋಟ' ಎಂದು ಕೂಗಿದರೆ ಯಾರು ನಂಬುತ್ತಾರೆ? ಅದಕ್ಕೇ ಐದು ಪಟ್ಟು ಡೀವಿಯೇಶನ್‌ನಂತಹ ಬಿಗಿಯಾದ ಗಡಿ ಇಟ್ಟುಕೊಳ್ಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 500. ಅಷ್ಟು ಎಣಿಕೆ ಆಕಸ್ಮಿಕವಾಗಿ ದಿನಕ್ಕೆ ಒಂದು ಸಲವೂ ಬರುವುದಿಲ್ಲ.

ಅಲ್ಲಿಗೂ ಬಿಡುವುದಿಲ್ಲ. ಸಿಝಡ್‌ಟಿಐಯನ್ನು ನಾಲ್ಕು ಭಾಗಗಳಾಗಿ ಮಾಡಿದ್ದಾರೆ, ಒಂದೊಂದೂ ಸ್ವತಂತ್ರ. ಒಂದೇ ಭಾಗದಲ್ಲಿ ಎಣಿಕೆ ಜಿಗಿದರೆ ಅದು ಕಾಸ್ಮಿಕ್ ಕಿರಣವೊಂದು ಬಡಿದದ್ದಿರಬಹುದು, ಇಲ್ಲವೇ ಒಂದು ಚುಕ್ಕಿ ಕೆಟ್ಟು ಗಲಾಟೆ ಮಾಡುತ್ತಿರಬಹುದು. ನಿಜವಾದ ಸ್ಫೋಟವಾಗಿದ್ದರೆ ಬೇರೆ ಭಾಗಗಳಲ್ಲೂ ಅದೇ ಕ್ಷಣಕ್ಕೆ ಏರಿಕೆ ಕಾಣಬೇಕು. ಬೇರೆ ದೇಶದ ಉಪಗ್ರಹಗಳ ದಾಖಲೆಯಲ್ಲೂ ಇದೆಯೇ ಎಂದು ನೋಡುತ್ತಾರೆ. ನಮ್ಮ ಕ್ಯಾಶ್ ಬುಕ್ಕನ್ನು ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ತಾಳೆ ನೋಡುವುದು ಇದಕ್ಕಿಂತ ಬೇರೆಯಲ್ಲ. ನನ್ನ ಪಿಸಿಎಂಬಿ ಗೆಳತಿಯರು ಗಾಮಾ ಕಿರಣದ ತರಂಗದೂರವನ್ನು ಬಾಯಿಪಾಠ ಹೇಳಬಲ್ಲರು. ಅದನ್ನು ನಾನು ಒಪ್ಪುತ್ತೇನೆ. ಆದರೆ ಪಾಯ್ಸನ್ ವಿತರಣೆ ಅವರ ಪಠ್ಯದಲ್ಲಿಲ್ಲ, ನಮ್ಮ ಎಸ್‌ಇಬಿಎ ಪಠ್ಯದಲ್ಲಿದೆ. ಒಂದೇ ಬೆಂಚಿನಲ್ಲಿ ಕೂತರೆ ಎರಡೂ ಸೇರುತ್ತವೆ. ಬೇರೆ ಬೇರೆ ಕೂರಿಸಿದರೆ ಇಬ್ಬರಿಗೂ ಅರ್ಧ ಅರ್ಧ.

ಸ್ಫೋಟ ಎಷ್ಟು ಹೊತ್ತು ಇತ್ತು ಎಂದು ಅಳೆಯುವ ವಿಧಾನವೂ ಹಾಗೆಯೇ. ಅದರ ಮೊದಲ ಕಿರಣ ಮತ್ತು ಕೊನೆಯ ಕಿರಣ ಹಿನ್ನೆಲೆಯಲ್ಲಿ ಬೆರೆತುಹೋಗಿರುತ್ತವೆ, ಅವನ್ನು ಗುರುತಿಸಲಾಗದು. ಆದ್ದರಿಂದ ಹಿನ್ನೆಲೆ ಕಳೆದ ಮೇಲೆ ಉಳಿದ ಎಣಿಕೆಗಳನ್ನು ಕೂಡಿಸುತ್ತಾ ಹೋಗುತ್ತಾರೆ. ಸಂಚಿತ ಆವೃತ್ತಿ, ನಾವು ಓಜೈವ್ ಎಳೆಯುವಾಗ ಮಾಡುತ್ತೇವಲ್ಲ, ಅದು. ಒಟ್ಟಿನ ಶೇ. 5 ಮುಟ್ಟಿದ ಕ್ಷಣದಿಂದ ಶೇ. 95 ಮುಟ್ಟಿದ ಕ್ಷಣದವರೆಗಿನ ಸಮಯಕ್ಕೆ 'ಟಿ 90' ಎನ್ನುತ್ತಾರೆ. ಇದು ಎರಡು ಸೆಕೆಂಡಿಗಿಂತ ಕಡಿಮೆಯಿದ್ದರೆ ಗಿಡ್ಡ ಸ್ಫೋಟ, ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ. ಹೆಚ್ಚಿದ್ದರೆ ಉದ್ದ ಸ್ಫೋಟ, ನಕ್ಷತ್ರದ ಕುಸಿತ ಎಂದು ಬಹಳ ಕಾಲ ನಂಬಿದ್ದರು. 2021ರ ಡಿಸೆಂಬರ್ 11ರಂದು ಅರ್ಧ ನಿಮಿಷಕ್ಕೂ ಹೆಚ್ಚು ಉರಿದ ಒಂದು ಸ್ಫೋಟದ ಬೆನ್ನಿಗೆ ಡಿಕ್ಕಿಯ ಕುರುಹು ಕಂಡಿತು. ಎರಡು ಸೆಕೆಂಡಿನ ಗೆರೆ ಅಷ್ಟು ಖಚಿತವಲ್ಲ ಎಂದು ಆಗ ಗೊತ್ತಾಯಿತು. ವರ್ಗಾಂತರದ ಗಡಿಯನ್ನು ನಾವೇ ಎಳೆದದ್ದು, ದತ್ತಾಂಶಕ್ಕೆ ಅದು ಗೊತ್ತಿರುವುದಿಲ್ಲ ಎಂದು ನಮ್ಮ ಸಂಖ್ಯಾಶಾಸ್ತ್ರದ ಮೇಡಂ ತರಗತಿಯಲ್ಲಿ ಹೇಳುತ್ತಿರುತ್ತಾರೆ. ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಎಲ್ಲಿ ಆಯಿತು ಎಂದು ತಿಳಿಯುವುದು ಇನ್ನೂ ಕಷ್ಟ. ಸಾಮಾನ್ಯ ಮಸೂರದಿಂದ ಗಾಮಾ ಕಿರಣವನ್ನು ಬಗ್ಗಿಸಿ ಒಂದೆಡೆ ಸೇರಿಸಲಾಗದು. 2004ರ ನವೆಂಬರ್‌ನಲ್ಲಿ ಹಾರಿದ ನಾಸಾದ ಸ್ವಿಫ್ಟ್ ಉಪಗ್ರಹ ಇದಕ್ಕೆ ಜಾಲಿಯ ಉಪಾಯ ಬಳಸುತ್ತದೆ. ಹಳೆಯ ಮನೆಗಳ ಜಾಲಿ ಕಿಟಕಿಯಿಂದ ನೆಲದ ಮೇಲೆ ಬಿದ್ದ ನೆರಳು ನೋಡಿದರೆ ಸೂರ್ಯ ಎಲ್ಲಿದ್ದಾನೆ ಎಂದು ಹೇಳಬಹುದಲ್ಲವೇ? ಸ್ವಿಫ್ಟ್‌ನಲ್ಲಿ ಸುಮಾರು 50 ಸಾವಿರ ಸೀಸದ ಚಿಕ್ಕ ಬಿಲ್ಲೆಗಳನ್ನು ಕ್ರಮವಿಲ್ಲದಂತೆ ಜೋಡಿಸಿದ ಹಲಗೆಯಿದೆ. ಅದರ ನೆರಳು ಪತ್ತೆಕಾರಕದ ಮೇಲೆ ಯಾವ ಕಡೆಗೆ ಸರಿದಿದೆ ಎಂದು ಲೆಕ್ಕಹಾಕಿ ದಿಕ್ಕು ಕಂಡುಹಿಡಿದು, ಒಂದೆರಡು ನಿಮಿಷದೊಳಗೆ ಉಪಗ್ರಹ ತಾನೇ ಆ ಕಡೆ ತಿರುಗುತ್ತದೆ.

ಈ ಎಲ್ಲದರಲ್ಲಿ ನನಗೆ ಅತಿ ಇಷ್ಟವಾದದ್ದು ಒಂದು ಸೊನ್ನೆಯ ಕತೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದ ಎದ್ದ ಗುರುತ್ವದ ಅಲೆ ಲೈಗೋ ಮತ್ತು ವಿರ್ಗೋ ಉಪಕರಣಗಳಿಗೆ ಸಿಕ್ಕಿತು. ಅದಾದ 1.7 ಸೆಕೆಂಡಿಗೆ ನಾಸಾದ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣ ಸ್ಫೋಟ ಕಂಡಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಿಂದ ಜೊತೆಗೆ ಹೊರಟ ಎರಡು ಸುದ್ದಿಗಳ ನಡುವೆ ಅಂತರ ಎರಡು ಸೆಕೆಂಡಿಗೂ ಕಡಿಮೆ! ಜಗತ್ತಿನ ದೂರದರ್ಶಕಗಳೆಲ್ಲ ಅತ್ತ ತಿರುಗಿದವು. ನಮ್ಮ ಆಸ್ಟ್ರೋಸ್ಯಾಟ್? ಅದಕ್ಕೆ ಏನೂ ಕಾಣಲಿಲ್ಲ. ಆ ಕ್ಷಣದಲ್ಲಿ ಅದಕ್ಕೂ ಸ್ಫೋಟಕ್ಕೂ ನಡುವೆ ಭೂಮಿ ಅಡ್ಡ ಇತ್ತು. ಅದು ಭೂಮಿಯಿಂದ 650 ಕಿ.ಮೀ. ಎತ್ತರದಲ್ಲಿ ಸುತ್ತುವುದರಿಂದ ಯಾವ ಹೊತ್ತಿನಲ್ಲೂ ಆಕಾಶದ ಸುಮಾರು ಶೇ. 30ರಷ್ಟು ಭಾಗವನ್ನು ಭೂಮಿಯೇ ಮರೆಮಾಡಿರುತ್ತದೆ. ಇಷ್ಟು ದೊಡ್ಡ ಸಂಗತಿ ತಪ್ಪಿಹೋದಾಗ ಸುಮ್ಮನಿದ್ದುಬಿಡಬಹುದಿತ್ತು. ಆದರೆ ನಮ್ಮ ವಿಜ್ಞಾನಿಗಳು ದಾಖಲೆಯನ್ನು ಪರೀಕ್ಷಿಸಿ 'ನಮಗೆ ಕಂಡಿಲ್ಲ' ಎಂದು ಬರೆದು ಕಳಿಸಿದರು. ವ್ಯಾಪಾರ ಇಲ್ಲದ ತಿಂಗಳೂ ಜಿಎಸ್‌ಟಿ ನಿಲ್ ರಿಟರ್ನ್ ಹಾಕಬೇಕು, ಹಾಕದಿದ್ದರೆ ಲೆಕ್ಕ ಪೂರ್ಣವಾಗುವುದಿಲ್ಲ. ಅಬ್ಬಾಗೆ ಇದನ್ನು ಹೇಳಿದಾಗ ಅವರಿಗೆ ತಕ್ಷಣ ಅರ್ಥವಾಯಿತು.

ಸಿಕ್ಕಾಗ ಅದೇ ಲೆಕ್ಕ ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡಿ. ಅದೇ ವರ್ಷ ಜನವರಿ 4ರಂದು ಎರಡು ಕಪ್ಪುಕುಳಿಗಳು ಸೇರಿದ ಅಲೆ ಲೈಗೋಗೆ ಸಿಕ್ಕಿತ್ತು. ಹವಾಯಿಯ ಅಟ್ಲಾಸ್ ದೂರದರ್ಶಕಕ್ಕೆ ಆ ಕಡೆಯ ಆಕಾಶದಲ್ಲೇ ಮಂಕಾಗುತ್ತಿರುವ ಒಂದು ಬೆಳಕು ಕಂಡಿತು. ಎರಡೂ ಒಂದೇ ಘಟನೆಯಾಗಿದ್ದರೆ ಅದು ದೊಡ್ಡ ಸುದ್ದಿ. ಆದರೆ ಆಸ್ಟ್ರೋಸ್ಯಾಟ್ ದಾಖಲೆಯಲ್ಲಿ ಮರುದಿನ, ಜನವರಿ 5ರಂದು, ಒಂದು ಗಾಮಾ ಸ್ಫೋಟವಿತ್ತು. ಆ ಬೆಳಕು ಈ ಸ್ಫೋಟದ ಶೇಷವೇ ಹೊರತು ಕಪ್ಪುಕುಳಿಗಳದ್ದಲ್ಲ ಎಂದು ಭಾರತದ ವಿಜ್ಞಾನಿಗಳಿದ್ದ ತಂಡ ತೋರಿಸಿತು. ಬೇರೆ ತಾರೀಖಿನ ಬಿಲ್ಲನ್ನು ಈ ಖಾತೆಗೆ ಸೇರಿಸಲು ಬಿಡಲಿಲ್ಲ.

ಮನೆಯಲ್ಲಿ ಕೇಳುವ ಇನ್ನೊಂದು ಪ್ರಶ್ನೆ: 'ಇಸ್ಸೆ ಕ್ಯಾ ಫಾಯಿದಾ?' ಕಾಮರ್ಸ್ ಓದುವವರು ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆಸ್ಟ್ರೋಸ್ಯಾಟ್‌ಗೆ ಸುಮಾರು 178 ಕೋಟಿ ರೂಪಾಯಿ ಖರ್ಚಾಗಿದೆ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ರೂಪಿಸಿದ್ದು ಐದು ವರ್ಷದ ಬಾಳಿಕೆಗೆ. ಸವಕಳಿ ಹಾಕಿದ್ದರೆ 2020ಕ್ಕೇ ಪುಸ್ತಕದ ಬೆಲೆ ಸೊನ್ನೆ ಆಗಬೇಕಿತ್ತು. ಆದರೆ 2023ರ ನವೆಂಬರ್‌ನಲ್ಲಿ, ಎಂಟು ವರ್ಷ ದಾಟಿದ ಮೇಲೆ, ಅದು ತನ್ನ 600ನೇ ಗಾಮಾ ಸ್ಫೋಟವನ್ನು ದಾಖಲಿಸಿತು. ಇನ್ನು ಚಿನ್ನದ ವಿಷಯ. 2017ರ ಡಿಕ್ಕಿಯ ಬೆಳಕನ್ನು ಪರೀಕ್ಷಿಸಿದಾಗ, ಚಿನ್ನ, ಪ್ಲಾಟಿನಂನಂತಹ ಭಾರದ ಧಾತುಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆ ಎಂಬುದಕ್ಕೆ ಬಲವಾದ ಆಧಾರ ಸಿಕ್ಕಿತು. ನಮ್ಮ ಅಮ್ಮಿ ಬಳೆ ನೋಡಿಕೊಂಡು 'ಹಾಗಾದರೆ ಇದು ಅಷ್ಟು ದೂರದ್ದಾ?' ಎಂದು ಕೇಳಿದರು. ಇದರಿಂದ ಚಿನ್ನದ ದರ ಇಳಿಯುವುದಿಲ್ಲ, ನಿಜ. ಆದರೆ ಒಂದು ವಸ್ತು ಎಲ್ಲಿಂದ ಬಂತು ಎಂದು ಮೂಲದವರೆಗೆ ಹೋಗಿ ತಿಳಿದುಕೊಳ್ಳುವುದು ಲೆಕ್ಕಪರಿಶೋಧನೆಯ ಮೊದಲ ಪಾಠ.

ದೊಡ್ಡ ಉಪಕರಣ ಇದ್ದರೆ ಮಾತ್ರ ಕೆಲಸ ಆಗುತ್ತದೆ ಎಂಬುದೂ ಪೂರ್ತಿ ಸರಿಯಲ್ಲ. 2022ರ ಅಕ್ಟೋಬರ್ 9ರ ಸ್ಫೋಟ ಎಷ್ಟು ಪ್ರಖರವಾಗಿತ್ತೆಂದರೆ ಅಂಥದ್ದು ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದು ಎಂದು ಅಂದಾಜಿಸಿದ್ದಾರೆ. ಕಣಗಳ ನೂಕುನುಗ್ಗಲಿನಲ್ಲಿ ಫರ್ಮಿಯಂತಹ ದೊಡ್ಡ ಉಪಗ್ರಹದ ಎಣಿಕೆಯೇ ತುಂಬಿ ತಪ್ಪಿತು. ಹಬ್ಬದ ಹಿಂದಿನ ದಿನ ಕ್ಯಾಶ್ ಕೌಂಟರಿನಲ್ಲಿ ಒಬ್ಬನೇ ಕೂತಂತೆ. ಆಗ ಅದರ ಶಿಖರವನ್ನು ಸರಿಯಾಗಿ ಅಳೆದ ಕೆಲವೇ ಉಪಕರಣಗಳಲ್ಲಿ ಒಂದು ಗ್ರ್ಬಾಲ್ಫಾ. ಯುರೋಪಿನ ಚಿಕ್ಕ ದೇಶಗಳವರು ಮುಖ್ಯವಾಗಿ ಸೇರಿ ಮಾಡಿದ ಅದು ಹತ್ತು ಸೆಂಟಿಮೀಟರ್ ಅಗಲದ ಒಂದು ಡಬ್ಬಿ, ನಮ್ಮ ಊಟದ ಡಬ್ಬಿಯಷ್ಟು. ಚಿಕ್ಕದಾಗಿದ್ದರಿಂದಲೇ ಅದು ತುಂಬಿಹೋಗಲಿಲ್ಲ.

ನನ್ನ ಬೇಡಿಕೆಗೆ ಬರುವ ಆಕ್ಷೇಪಗಳೂ ನನಗೆ ಗೊತ್ತು. ಬಸ್ಸಿನಲ್ಲಿ ಸೀಟು ಇರುವುದು ಐವತ್ತೇ. ನಿಜ. ಹಾಗಿದ್ದರೆ ಆಸಕ್ತಿ ಇರುವ ಎಲ್ಲರಿಂದಲೂ ಒಂದು ಪುಟ ಬರೆಸಿ, ಓದಿ ಆರಿಸಲಿ. ಆರಿಸುವಾಗ ಕಾಂಬಿನೇಶನ್ ಕಾಣದಂತೆ ಮುಚ್ಚಿಡಲಿ. ವಿಜ್ಞಾನದವರಿಗೆ ನೀಟ್, ಸಿಇಟಿ ಒತ್ತಡ ಇದೆ, ಅವರಿಗೆ ಆದ್ಯತೆ ಬೇಡವೇ ಎನ್ನುತ್ತಾರೆ. ಅದೇ ಒತ್ತಡದಿಂದ ಅವರಲ್ಲಿ ಅನೇಕರು ಸಂಘದ ಕಾರ್ಯಕ್ರಮಗಳಿಗೆ ಬರುವುದೇ ಇಲ್ಲ, ಖಾಲಿ ಕುರ್ಚಿಗಳನ್ನು ನಾವೆಲ್ಲರೂ ನೋಡಿದ್ದೇವೆ. ಇನ್ನು, ನಮ್ಮ ವಾಣಿಜ್ಯ ಸಂಘವೂ ಬಜೆಟ್ ಚರ್ಚೆಗೆ ವಿಜ್ಞಾನದವರನ್ನು ಕರೆಯುವುದಿಲ್ಲ. ಅದೂ ಸರಿಯಲ್ಲ. ತೆರಿಗೆ ಕಟ್ಟುವವರಲ್ಲಿ ಡಾಕ್ಟರುಗಳೂ ಎಂಜಿನಿಯರುಗಳೂ ಇರುತ್ತಾರೆ. ಕಲಾ ವಿಭಾಗದವರನ್ನಂತೂ ಎರಡೂ ಸಂಘಗಳು ಮರೆತಿವೆ.

ಖರ್ಚಿಲ್ಲದೆ ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಮೊದಲನೆಯದು, ಆ 'ಮಾತ್ರ' ಎಂಬ ಪದವನ್ನು ನೋಟಿಸಿನಿಂದ ತೆಗೆಯುವುದು. ಎರಡನೆಯದು, ತಿಂಗಳಿಗೆ ಒಂದು ಶನಿವಾರ ಭೌತಶಾಸ್ತ್ರದ ಸರ್ ಮತ್ತು ಸಂಖ್ಯಾಶಾಸ್ತ್ರದ ಮೇಡಂ ಇಬ್ಬರೂ ಸೇರಿ ಒಂದು ತರಗತಿ ತೆಗೆದುಕೊಳ್ಳುವುದು. ಆಸ್ಟ್ರೋಸ್ಯಾಟ್‌ನ ದತ್ತಾಂಶ 2018ರಿಂದ ಸಾರ್ವಜನಿಕರಿಗೆ ತೆರೆದಿದೆ, ಅದನ್ನು ಕಾಪಿಟ್ಟಿರುವ ಇಸ್ರೋ ಕೇಂದ್ರ ನಮ್ಮ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲೇ ಇದೆ. ಪೂರ್ತಿ ದತ್ತಾಂಶ ನಮಗೆ ಭಾರವಾದೀತು. ಪ್ರಕಟವಾದ ಒಂದು ಸ್ಫೋಟದ ನಕ್ಷೆಯನ್ನು ಗ್ರಾಫ್ ಹಾಳೆಗೆ ಇಳಿಸಿಕೊಂಡು ಹಿನ್ನೆಲೆ ಕಳೆದು ಟಿ 90 ತೆಗೆಯುವುದು ಎರಡು ಪೀರಿಯಡ್ಡಿನ ಕೆಲಸ. ಮೂರನೆಯದು, ಗೋಡೆ ಪತ್ರಿಕೆಯಲ್ಲಿ ಹೊಸ ಸ್ಫೋಟಗಳ ಸುದ್ದಿಯನ್ನು ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಹಾಕುವುದು. ಜಗತ್ತಿನ ವಿಜ್ಞಾನಿಗಳು ಒಬ್ಬರಿಗೊಬ್ಬರು ಕಳಿಸುವ ಈ ಸೂಚನೆಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಉರ್ದುವಿನ ಭಾಗವನ್ನು ಬರೆಯಲು ನಾನು ಸಿದ್ಧ, 'ಧಮಾಕಾ'ಗಿಂತ ಒಳ್ಳೆಯ ಪದ ಹುಡುಕುತ್ತೇನೆ.

ಭೂಮಿ ಅಡ್ಡ ಬರದಂತೆ ಎರಡು ಉಪಗ್ರಹಗಳನ್ನು ಭೂಮಿಯ ಎರಡು ಕಡೆ ಇಡುವ 'ದಕ್ಷ' ಎಂಬ ಯೋಜನೆಯನ್ನು ಐಐಟಿ ಬಾಂಬೆ ಮತ್ತು ಇತರ ಸಂಸ್ಥೆಗಳು ಮುಂದಿಟ್ಟಿವೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಅದರಲ್ಲಿದೆ. ಅದು ಹಾರುವ ಹೊತ್ತಿಗೆ ನಾವು ಡಿಗ್ರಿ ಮುಗಿಸಿರುತ್ತೇವೆ. ಅದಕ್ಕೆ ಉಪಕರಣ ಮಾಡುವವರು ಬೇಕು, ಹಣದ ಲೆಕ್ಕ ಇಡುವವರು ಬೇಕು, ಎಣಿಕೆಯಲ್ಲಿ ಯಾವುದು ನಿಜ ಯಾವುದು ಆಕಸ್ಮಿಕ ಎಂದು ಹೇಳುವವರು ಬೇಕು. ಈ ಮೂರನೆಯ ಕೆಲಸಕ್ಕೆ ನಮ್ಮ ಎಸ್‌ಇಬಿಎ ತರಗತಿಯಿಂದ ಒಬ್ಬರಾದರೂ ಹೋಗಬಹುದು ಎಂದು ನನ್ನ ನಂಬಿಕೆ. ವಿಜ್ಞಾನ ಸಂಘದ ಮುಂದಿನ ಸಭೆಗೆ ಮೊದಲು ಪ್ರಾಂಶುಪಾಲರು ಈ ವಿಷಯವನ್ನು ಸಿಬ್ಬಂದಿ ಸಭೆಯಲ್ಲಿ ಚರ್ಚಿಸಬೇಕೆಂದು ವಿನಂತಿಸುತ್ತೇನೆ.